ಮಗಳಿಗೆ ಸೈಕಾಲಜಿ ಬೇಕಂತೆ, ಹೋಟೆಲಿನವನಿಗೆ ಯಾರಾದರೂ ಬಿಡಿಸಿ ಹೇಳಿ

ಕ್ಯಾಶ್ ಕೌಂಟರ್, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆರಡು ವರ್ಷದಿಂದ ಸಣ್ಣ ಹೋಟೆಲ್ ಇದೆ. ಎಂಟು ಟೇಬಲ್, ಆರು ಹುಡುಗರು. ನಾನು ಓದಿದ್ದು ಹತ್ತನೇ ಕ್ಲಾಸ್, ಅದೂ ಮುಂಬೈಗೆ ಬಂದ ಮೇಲೆ, ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗಿ.

ಮಗಳು ಈ ಸಲ ಹನ್ನೆರಡನೇ ಕ್ಲಾಸ್ ಮುಗಿಸಿದ್ದಾಳೆ. ಕಾಮರ್ಸ್, 74 ಪರ್ಸೆಂಟ್. ಬಿ.ಕಾಂ. ಮಾಡಿ ಹೋಟೆಲಿನ ಲೆಕ್ಕ ನೋಡಿಕೊಳ್ಳುತ್ತಾಳೆ ಅಂತ ನಾವು ಅಂದುಕೊಂಡಿದ್ದೆವು. ಅವಳು ಸೈಕಾಲಜಿಯಲ್ಲಿ ಬಿ.ಎ. ಮಾಡುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಯಾಕೆ ಅಂತ ಕೇಳಿದರೆ, "ಮನುಷ್ಯರು ಯಾಕೆ ಹಾಗೆ ಮಾಡ್ತಾರೆ ಅಂತ ಗೊತ್ತಾಗ್ಬೇಕು ಪಪ್ಪಾ." ಮಾರಾಯ್ರೆ, ಅದಕ್ಕೆ ಕಾಲೇಜು ಯಾಕೆ, ನನ್ನ ಕ್ಯಾಶ್ ಕೌಂಟರಿನಲ್ಲಿ ಒಂದು ವಾರ ಕೂತರೆ ಸಾಕು ಅಂದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಊರಿನಿಂದ ಅಕ್ಕ ಫೋನ್ ಮಾಡಿ, "ಹುಚ್ಚರ ಡಾಕ್ಟ್ರು ಆಗ್ತಾಳಾ? ನಾಳೆ ಗಂಡು ಸಿಗ್ತದಾ?" ಅಂತ ಕೇಳಿದಳು. ಪಕ್ಕದ ಹಾರ್ಡ್‌ವೇರ್ ಅಂಗಡಿಯವನು, "ಏನು, ಮಗಳನ್ನ ಠಾಣೆಗೆ ಕಳಿಸ್ತೀಯಾ?" ಅಂತ ನಗುತ್ತಾನೆ. ಠಾಣೆ ಊರಿನಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ, ಇಲ್ಲಿಯವರಿಗೆಲ್ಲ ಅದೊಂದು ಹಳೇ ತಮಾಷೆ.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಮೂರು ವರ್ಷ ಆದ ಮೇಲೆ ಅವಳು ಏನಾಗುತ್ತಾಳೆ? ಕಾಲೇಜಿನಲ್ಲಿ ಕಲಿಸುವುದಾದರೂ ಏನು? ಕಾಮರ್ಸ್ ಓದಿದವಳಿಗೆ ಅದು ಆಗುತ್ತದಾ? ಜಾಹೀರಾತಿನ ಮಾತು ಬೇಡ, ಓದಿದವರೇ ಯಾರಾದರೂ ಇದ್ದರೆ ಹೇಳಿ. ಫಾರ್ಮ್ ತುಂಬಲು ಇನ್ನು ಹನ್ನೊಂದು ದಿನ ಇದೆ.

ವಾಶಿ ಮಾರ್ಕೆಟ್:

ಅಣ್ಣಾ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿ.ಕಾಂ. ಮಾಡಿಸಿ, ಜೊತೆಗೆ ಸಿ.ಎ. ಫೌಂಡೇಶನ್ ಹಾಕಿಸಿ. ನನ್ನ ಚಿಕ್ಕಪ್ಪನ ಮಗ ಸೈಕಾಲಜಿ ಬಿ.ಎ. ಮಾಡಿ ಈಗ ಕ್ರೆಡಿಟ್ ಕಾರ್ಡ್ ಮಾರುತ್ತಾನೆ. ಜನರ ಮನಸ್ಸು ಓದಲು ಬರುತ್ತದೆ ಅನ್ನುತ್ತಾನೆ, ಆದರೆ ನನಗೇ ಇವತ್ತಿನ ತನಕ ಒಂದು ಕಾರ್ಡ್ ಮಾರಲು ಅವನಿಂದ ಆಗಿಲ್ಲ.

ಚೆಂಬೂರು ಮಾಳಿಗೆ:

ಅಣ್ಣಾ, ನಾನೂ ಹೋಟೆಲ್ ಮನೆಯವಳೇ. ಚೆಂಬೂರಿನಲ್ಲಿ ನನ್ನ ಸೋದರಮಾವನ ಕ್ಯಾಂಟೀನ್ ಇತ್ತು, ನಾವು ಅದರ ಮೇಲಿನ ಮಾಳಿಗೆಯಲ್ಲಿ ಇದ್ದೆವು. ನನ್ನ ನೋಟ್ಸಿಗೆಲ್ಲ ಸಾಂಬಾರಿನ ವಾಸನೆ. ಬಿ.ಎ. ಸೈಕಾಲಜಿ ಮಾಡಿದೆ, ಆಮೇಲೆ ಮುಂಬೈ ಯೂನಿವರ್ಸಿಟಿಯ ಕಲೀನಾ ಕ್ಯಾಂಪಸ್ಸಿನಲ್ಲಿ ಎಂ.ಎ. ಈಗ ಒಂದು ಶಾಲೆಯಲ್ಲಿ ಕೌನ್ಸೆಲರ್, ಇದು ಹನ್ನೊಂದನೇ ವರ್ಷ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೆಳಗಿನ ರಶ್ ಮುಗಿದ ಮೇಲೆ ಓದಿ.

ಮೊದಲು ನಿಮ್ಮ ಕ್ಯಾಶ್ ಕೌಂಟರಿನ ಮಾತು. ಅದು ತಪ್ಪಲ್ಲ. ಆದರೆ ನಿಮ್ಮ ಮಗಳು ಕಲಿಯಲು ಹೊರಟಿರುವುದು ಅದರ ಮುಂದಿನದು. ಒಂದು ಕಥೆ ಹೇಳುತ್ತೇನೆ, ನಿಮ್ಮ ಹೋಟೆಲಿಗೇ ಹೊಂದುವಂಥದ್ದು. ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅಂತ ಪ್ರೊಫೆಸರ್ ಇದ್ದರು. ಅಲ್ಲಿನ ಕೆಫೆಯ ವೇಟರ್‌ಗಳು ಬಿಲ್ ಆಗುವ ತನಕ ಎಲ್ಲ ಆರ್ಡರ್ ನೆನಪಿಟ್ಟುಕೊಂಡು, ದುಡ್ಡು ಕೊಟ್ಟ ಕೂಡಲೇ ಮರೆತುಬಿಡುತ್ತಾರೆ ಅಂತ ಅವರ ಕಣ್ಣಿಗೆ ಬಿತ್ತಂತೆ. ಇಲ್ಲಿ ತನಕ ಕ್ಯಾಶ್ ಕೌಂಟರ್. ಮುಂದೆ ಅವರ ಶಿಷ್ಯೆ ಬ್ಲೂಮಾ ಜೈಗಾರ್ನಿಕ್ ಜನರನ್ನು ಕರೆದು ಚಿಕ್ಕ ಚಿಕ್ಕ ಕೆಲಸ ಕೊಟ್ಟರು. ಕೆಲವನ್ನು ಮುಗಿಸಲು ಬಿಟ್ಟರು, ಕೆಲವನ್ನು ಅರ್ಧಕ್ಕೆ ನಿಲ್ಲಿಸಿದರು. ಅರ್ಧಕ್ಕೆ ನಿಂತದ್ದು ಜನರಿಗೆ ಜಾಸ್ತಿ ನೆನಪಿತ್ತು. 1927ರಲ್ಲಿ ಅದನ್ನು ಬರೆದು ಅಚ್ಚು ಹಾಕಿಸಿದರು. ಇದು ಕಾಲೇಜು. ಆಮೇಲೆ ಬೇರೆ ಬೇರೆಯವರು ಅದನ್ನೇ ಮಾಡಿ ನೋಡಿದಾಗ ಪ್ರತಿ ಸಲ ಹಾಗೆ ಬರಲಿಲ್ಲ. ಅದೂ ಕಾಲೇಜೇ. ನನಗೆ ಈ ಓದಿನಲ್ಲಿ ಇಷ್ಟವಾದದ್ದು ಈ ಕೊನೆಯ ಭಾಗ. ಚೆಂದದ ಕಥೆಯನ್ನು ಕೂಡ ಸುಮ್ನೆ ಬಿಡುವುದಿಲ್ಲ.

ಇನ್ನು ಪ್ರಾಕ್ಟಿಕಲ್. ಹೌದು, ಬಿ.ಎ.ಯಲ್ಲೂ ಪ್ರಾಕ್ಟಿಕಲ್ ಇದೆ, ಜರ್ನಲ್ ಬರೆಯಬೇಕು. ಪ್ರಯೋಗಕ್ಕೆ ಮನುಷ್ಯರು ಬೇಕು. ಕ್ಲಾಸಿನವರನ್ನು ಎಷ್ಟು ಸಲ ಕೂರಿಸುವುದು? ನಾನು ಮಾವನ ಕ್ಯಾಂಟೀನಿನ ಹುಡುಗರನ್ನು ಹಿಡಿದೆ. ಮಧ್ಯಾಹ್ನ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರೂವರೆಯಿಂದ ನಾಲ್ಕೂವರೆ. ನಿಮಗೆ ಗೊತ್ತಲ್ಲ ಆ ಹೊತ್ತು, ಅರ್ಧ ಜನ ಅಕ್ಕಿ ಮೂಟೆಯ ಮೇಲೆ ಮಲಗಿರುತ್ತಾರೆ.

ಮೊದಲು ಮ್ಯೂಲರ್-ಲಾಯರ್ ಗೆರೆ ಮಾಡಿದೆ. ಎರಡು ಗೆರೆ ಒಂದೇ ಉದ್ದ. ಒಂದರ ತುದಿಗಳಲ್ಲಿ ಬಾಣದ ರೆಕ್ಕೆ ಒಳಗೆ ಮಡಚಿರುತ್ತದೆ, ಇನ್ನೊಂದಕ್ಕೆ ಹೊರಗೆ ಚಾಚಿರುತ್ತದೆ. ಹೊರಗೆ ಚಾಚಿದ್ದು ಉದ್ದ ಕಾಣುತ್ತದೆ. ನಮ್ಮ ದೋಸೆ ಭಟ್ಟರು ದಿನಕ್ಕೆ ಮುನ್ನೂರು ದೋಸೆಯನ್ನು ಕಣ್ಣಳತೆಯಲ್ಲೇ ಒಂದೇ ಸೈಜಿಗೆ ಹುಯ್ಯುವವರು. ಅವರು ಮೋಸ ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋದರು. ಸ್ಕೇಲ್ ಇಟ್ಟು ತೋರಿಸಿದ ಮೇಲೂ, "ಸ್ಕೇಲ್ ಸರಿ ಇಲ್ಲ" ಅಂದರು.

ಎರಡನೆಯದು ಸ್ಟ್ರೂಪ್ ಟೆಸ್ಟ್. 1935ರಲ್ಲಿ ಅಮೆರಿಕದ ಸ್ಟ್ರೂಪ್ ಅನ್ನುವವರು ಮಾಡಿದ್ದು. ರೆಡ್ ಅನ್ನುವ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ನೀವು ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ನಾಲಿಗೆ ತಡವರಿಸುತ್ತದೆ, ಟೈಮ್ ಜಾಸ್ತಿ ಹಿಡಿಯುತ್ತದೆ. ಕಾಲೇಜಿನಲ್ಲಿ ಎಲ್ಲರೂ ತಡವರಿಸಿದ್ದರು. ಕ್ಯಾಂಟೀನಿನಲ್ಲಿ ಬೈಂದೂರಿನ ಒಬ್ಬ ಹುಡುಗ ಇದ್ದ, ಇಪ್ಪತ್ತು ವರ್ಷ, ಕ್ಲೀನಿಂಗ್ ಕೆಲಸ. ಕಾರ್ಡ್ ಕೈಗೆ ಕೊಟ್ಟೆ. ಹಸಿರು, ನೀಲಿ, ಕೆಂಪು, ಹಳದಿ, ಹಸಿರು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿಬಿಟ್ಟ. ಒಂದೂ ತಪ್ಪಿಲ್ಲ. ನನ್ನ ಪ್ರೊಫೆಸರಿಗಿಂತ ಜೋರು! ನಾನು ಖುಷಿಯಿಂದ ಜರ್ನಲ್‌ನಲ್ಲಿ, ಇವನ ಗಮನ ಅಸಾಮಾನ್ಯ ಅಂತ ಬರೆದೆ.

ಮೇಡಂ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಅವನಿಗೆ ಇಂಗ್ಲಿಷ್ ಓದಲು ಬರುತ್ತದಾ?"

ಬರುತ್ತಿರಲಿಲ್ಲ. ಅವನು ಓದಿದ್ದು ಏಳನೇ ಕ್ಲಾಸ್, ಕನ್ನಡ ಶಾಲೆ. ಅವನ ಮಟ್ಟಿಗೆ ಆ ಕಾರ್ಡಿನಲ್ಲಿ ಪದಗಳೇ ಇರಲಿಲ್ಲ, ಬರೀ ಬಣ್ಣದ ಗೀಟು. ಓದು ಅಡ್ಡ ಬಂದರೆ ತಾನೇ ನಾಲಿಗೆ ತಡವರಿಸುವುದು? ಅವತ್ತು ರಾತ್ರಿ ಸ್ಕೆಚ್ ಪೆನ್ ತೆಗೆದುಕೊಂಡು ಕನ್ನಡದಲ್ಲೇ ಒಂದು ಕಾರ್ಡ್ ಮಾಡಿದೆ. ಕೆಂಪು ಅಂತ ನೀಲಿಯಲ್ಲಿ, ಹಸಿರು ಅಂತ ಹಳದಿಯಲ್ಲಿ. ಮರುದಿನ ಅದೇ ಹುಡುಗ ನಾಲ್ಕನೇ ಪದಕ್ಕೇ ಸಿಕ್ಕಿಬಿದ್ದ. "ಅಕ್ಕಾ, ಇದು ಮೋಸ" ಅಂದ.

ನಾನು ಮೂರು ವರ್ಷದಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ. ಟೆಸ್ಟ್ ಯಾರಿಗಾಗಿ, ಯಾವ ಭಾಷೆಯಲ್ಲಿ ಮಾಡಿದ್ದು ಅಂತ ನೋಡದೆ ಒಬ್ಬ ಮನುಷ್ಯನಿಗೆ ನಂಬರ್ ಕೊಡಬಾರದು. ಶಾಲೆಯಲ್ಲಿ ನನ್ನ ಹತ್ತಿರ ಮಗು ಬಂದಾಗ, "ಈ ಮಗು ಡಲ್" ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ನಾನು ಮೊದಲು ಕೇಳುವುದು, ಮನೆಯಲ್ಲಿ ಯಾವ ಭಾಷೆ ಅಂತ. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗು ಡಲ್ ಅಲ್ಲ, ಸುಸ್ತಾಗಿದೆ.

ಅಂದಹಾಗೆ ಬುದ್ಧಿ ಅಳೆಯುವ ಬಿನೆ-ಕಾಮತ್ ಟೆಸ್ಟ್ ಅಂತ ಒಂದಿದೆ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಹೋಟೆಲ್ ಕಾಮತ್. ಇವರು ಬೇರೆ ಕಾಮತ್. ಫ್ರಾನ್ಸ್‌ನ ಬಿನೆಯವರ ಟೆಸ್ಟು ಅಮೆರಿಕಕ್ಕೆ ಹೋಗಿ ಬದಲಾಯಿತು, ಅದನ್ನು ಇವರು ನಮ್ಮ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು, ಸ್ವಾತಂತ್ರ್ಯಕ್ಕೂ ಮೊದಲು. ಮುಂಬೈಯ ಕನ್ನಡದವರಿಗೇ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಈಗ ಕೆಲಸದ ಮಾತು. ಇಲ್ಲಿ ಸುಳ್ಳು ಹೇಳುವುದಿಲ್ಲ. ಮೂರು ವರ್ಷ ಆದ ಮೇಲೆ ಅವಳು ಪದವೀಧರೆ ಆಗುತ್ತಾಳೆ, ಸೈಕಾಲಜಿಸ್ಟ್ ಆಗುವುದಿಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸಿ. ನಿಮ್ಮ ಅಕ್ಕ ಹೇಳಿದ ಡಾಕ್ಟರ್, ಮಾತ್ರೆ ಬರೆಯುವವರು, ಸೈಕಿಯಾಟ್ರಿಸ್ಟ್. ಅವರು ಎಂ.ಬಿ.ಬಿ.ಎಸ್. ಮಾಡಿ ಅದರ ಮೇಲೆ ಓದಿದವರು. ಆ ದಾರಿ ಬಿ.ಎ.ಯಿಂದ ಹೋಗುವುದೇ ಇಲ್ಲ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೂರಬೇಕಾದರೆ ಬಿ.ಎ. ಮೂರು, ಎಂ.ಎ. ಎರಡು, ಅದರ ಮೇಲೆ ಆಸ್ಪತ್ರೆಯ ತರಬೇತಿ ಎರಡು, ಒಟ್ಟು ಏಳು ವರ್ಷ. ಆಮೇಲೆ ಆರ್‌ಸಿಐ, ಅಂದರೆ 1992ರ ಕಾಯ್ದೆಯಿಂದ ಬಂದ ಪುನರ್ವಸತಿ ಕೌನ್ಸಿಲ್, ಅದರ ರಿಜಿಸ್ಟರಿನಲ್ಲಿ ಹೆಸರು ಬರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಆ ಎರಡು ವರ್ಷದ ತರಬೇತಿಗೆ ಇಷ್ಟು ದಿನ ಎಂ.ಫಿಲ್. ಅನ್ನುತ್ತಿದ್ದರು. ಯುಜಿಸಿ, ಅಂದರೆ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ, 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿಗೆ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರ ಪ್ರವೇಶದ ತನಕ ರಿಯಾಯಿತಿ ಕೊಟ್ಟಿತು. ನಿಮ್ಮ ಮಗಳು ಅಲ್ಲಿಗೆ ಮುಟ್ಟುವಾಗ ಬೋರ್ಡಿನ ಮೇಲೆ ಬೇರೆ ಹೆಸರು ಇರುತ್ತದೆ. ಹೆಸರು ಏನೇ ಇರಲಿ, ಆರ್‌ಸಿಐ ಒಪ್ಪಿದ ಕೋರ್ಸಾ ಅಂತ ಕೇಳದೆ ದುಡ್ಡು ಕಟ್ಟಬೇಡಿ.

ಆರು ವಾರದ, ಮೂರು ತಿಂಗಳ ಕೌನ್ಸೆಲಿಂಗ್ ಸರ್ಟಿಫಿಕೇಟುಗಳಿವೆ. ಗೋಡೆಗೆ ಹಾಕಲು ಚೆನ್ನಾಗಿರುತ್ತವೆ.

ನನ್ನ ಮೊದಲ ಸಂಬಳ ತಿಂಗಳಿಗೆ 18,000. ಅದಕ್ಕಿಂತ ಮೊದಲು ಉಪನಗರದ ಒಂದು ಕ್ಲಿನಿಕ್ಕಿನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ದುಡ್ಡು ಕೊಟ್ಟದ್ದು ನಾನು! ಎರಡು ತಿಂಗಳು ಫೈಲ್ ಜೋಡಿಸಿದೆ, ರೋಗಿಗಳಿಗೆ ನೀರು ಕೊಟ್ಟೆ. ಅದನ್ನಾದರೆ ಮಾವನ ಕ್ಯಾಂಟೀನಿನಲ್ಲಿ ಸಂಬಳಕ್ಕೆ ಮಾಡಬಹುದಿತ್ತು. ಕಲಿತದ್ದು ಒಂದೇ, ಇಂಟರ್ನ್‌ಶಿಪ್‌ಗೆ ಸೇರುವ ಮೊದಲು ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಗಂಟೆ ಕೂತು ಮಾತಾಡುತ್ತಾರೆ ಅಂತ ಕೇಳಬೇಕು.

ಕಾಮರ್ಸ್ ಹುಡುಗಿಗೆ ಆಗುತ್ತದಾ ಅಂತ ಕೇಳಿದ್ದೀರಿ. ಬಿ.ಎ.ಗೆ ಯಾವ ವಿಭಾಗದಿಂದಲೂ ಸೇರಬಹುದು. ನನ್ನ ಕ್ಲಾಸಿನಲ್ಲಿ ಅತ್ತದ್ದು ಆರ್ಟ್ಸಿನವರು, ಸ್ಟ್ಯಾಟಿಸ್ಟಿಕ್ಸ್ ಬಂದಾಗ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಕೋರಿಲೇಶನ್, ಟಿ-ಟೆಸ್ಟ್. ಫ್ರಾಯ್ಡ್ ಕಥೆ ಕೇಳಲು ಬಂದವರಿಗೆ ಅದೇ ಮೊದಲ ಎಟಿಕೆಟಿ, ಅಂದರೆ ಫೇಲಾಗಿ ಬಾಕಿ ಉಳಿದ ಪೇಪರ್. ಲೆಕ್ಕ ಬರುವವಳಾದರೆ ಅವಳೇ ಒಂದು ಹೆಜ್ಜೆ ಮುಂದೆ. ನರಮಂಡಲ, ಮೆದುಳಿನ ಭಾಗಗಳು ಸ್ವಲ್ಪ ಹೊಸದಾಗಿರುತ್ತವೆ, ಬಾಯಿಪಾಠ ಆಗುತ್ತದೆ.

ಒಂದು ಎಚ್ಚರಿಕೆ. ಅಬ್‌ನಾರ್ಮಲ್ ಸೈಕಾಲಜಿ, ಅಂದರೆ ಮಾನಸಿಕ ಕಾಯಿಲೆಗಳ ಪಾಠ, ಶುರುವಾದ ತಿಂಗಳು ಮನೆಯವರಿಗೆಲ್ಲ ಒಂದೊಂದು ಕಾಯಿಲೆ ಹಂಚುತ್ತಾಳೆ. ಅಮ್ಮ ಮಲಗುವ ಮೊದಲು ಗ್ಯಾಸ್ ಎರಡು ಸಲ ನೋಡುತ್ತಾಳೆ ಅಂತ ನಾನು ಓಸಿಡಿ, ಅಂದರೆ ಗೀಳಿನ ಕಾಯಿಲೆ, ಅಂದಿದ್ದೆ. ಅಮ್ಮ ಲಟ್ಟಣಿಗೆ ತೋರಿಸಿದಳು. ತಾನಾಗಿ ಗುಣವಾಯಿತು, ನನ್ನದು.

ಇನ್ನೊಂದು ಮಾತು, ಇದನ್ನು ತಮಾಷೆಯಲ್ಲಿ ಬರೆಯುವುದಿಲ್ಲ. ಅವಳಿಗೇ ಏನಾದರೂ ನೋವಿದ್ದು ಅದಕ್ಕೆ ಉತ್ತರ ಸಿಗಲಿ ಅಂತ ಈ ವಿಷಯ ಕೇಳುತ್ತಿದ್ದರೆ, ಮೆಲ್ಲ ಕೇಳಿ ನೋಡಿ. ನನ್ನ ಜೊತೆ ಓದಿದ ಇಬ್ಬರು ಹಾಗೆ ಬಂದಿದ್ದರು. ಕ್ಲಾಸ್‌ರೂಮು ಚಿಕಿತ್ಸೆ ಕೊಡುವ ಜಾಗ ಅಲ್ಲ. ಹಾಗೇನಾದರೂ ಇದ್ದರೆ ಮೊದಲು ಆ ಸಹಾಯ ಸಿಗಲಿ, ಓದು ಜೊತೆಗೆ ನಡೆಯಲಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಉಚಿತ ಫೋನ್ ಇದೆ, 14416. ಕನ್ನಡದಲ್ಲೂ ಮಾತಾಡಬಹುದು.

ಚಾಕಣ್ ಬಸ್:

ಮೇಲಿನ ಅಕ್ಕಾವ್ರು ಎಲ್ಲ ಹೇಳಿದ್ದಾರೆ. ನಾನು ವಿಜಯಪುರದವನು, ಈಗ ಪುಣೆಯ ಹತ್ತಿರ ಚಾಕಣ್‌ನಲ್ಲಿ ಒಂದು ಕಾರ್ಖಾನೆಯ ಎಚ್‌ಆರ್‌ನಲ್ಲಿ ಇದ್ದೇನೆ. ನಾನೂ ಸೈಕಾಲಜಿಯವನೇ, ಇಂಡಸ್ಟ್ರಿಯಲ್ ಕಡೆ ಹೋದೆ. ಎಲ್ಲರೂ ರೋಗಿಗಳ ಮುಂದೆಯೇ ಕೂರಬೇಕು ಅಂತಿಲ್ಲ ರೀ.

ನಮ್ಮ ಮ್ಯಾನೇಜರ್ ಒಮ್ಮೆ ಅಸೆಂಬ್ಲಿ ಲೈನಿನಲ್ಲಿ ಹೊಸ ಲೈಟ್ ಹಾಕಿಸಿ, ಕೆಲಸ ಜಾಸ್ತಿ ಆಯಿತು ನೋಡು ಅಂದರು. ನಾನು ಹಾಥಾರ್ನ್ ಕಥೆ ಹೇಳಿದೆ. ಶಿಕಾಗೋ ಹತ್ತಿರದ ಆ ಕಾರ್ಖಾನೆಯಲ್ಲಿ 1924ರಿಂದ ಬೆಳಕು ಹೆಚ್ಚು ಕಡಿಮೆ ಮಾಡಿ ನೋಡಿದರು, ಬೆಳಕಿಗೂ ಕೆಲಸಕ್ಕೂ ಸರಿಯಾದ ಸಂಬಂಧವೇ ಸಿಗಲಿಲ್ಲ. ನಮ್ಮ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅಂತ ಗೊತ್ತಾದರೇ ಜನ ಬೇರೆ ಥರ ಕೆಲಸ ಮಾಡುತ್ತಾರೆ ಅನ್ನುವ ಮಾತು ಅಲ್ಲಿಂದಲೇ ಹುಟ್ಟಿದ್ದು. ಒಂದು ತಿಂಗಳು ಬಿಟ್ಟು ಎಣಿಸಿ ನೋಡೋಣ ಸರ್ ಅಂದೆ. ಎಣಿಸಿದೆವು. ಲೆಕ್ಕ ಹಳೇ ಜಾಗಕ್ಕೇ ಬಂದಿತ್ತು. ಮ್ಯಾನೇಜರ್ ನನ್ನ ಹತ್ತಿರ ಒಂದು ವಾರ ಚಹಾ ಕುಡಿಯಲಿಲ್ಲ.

ನಿಮಗೆ ಇನ್ನೂ ಅನುಮಾನ ಇದ್ದರೆ ಮಗಳಿಗೆ ಒಂದು ಆಪ್ಟಿಟ್ಯೂಡ್ ಟೆಸ್ಟ್ ಮಾಡಿಸಬಹುದು. ಪುಣೆಯ ಸದಾಶಿವ ಪೇಠೆಯಲ್ಲಿ ಜ್ಞಾನ ಪ್ರಬೋಧಿನಿ ಅನ್ನುವ ಶಿಕ್ಷಣ ಸಂಸ್ಥೆ ಇದೆ, ಅದನ್ನು 1962ರಲ್ಲಿ ಶುರು ಮಾಡಿದ ಪೆಂಡ್ಸೆಯವರೇ ಮನಃಶಾಸ್ತ್ರದವರು. ಆದರೆ ಟೆಸ್ಟ್ ಹೇಳುವುದು ಒಲವು ಮಾತ್ರ, ಹಣೆಬರಹ ಅಲ್ಲ. ಅಷ್ಟು ದೂರ ಬರುವ ಬದಲು ಅಕ್ಕಾವ್ರು ಹೇಳಿದ ಬಣ್ಣದ ಕಾರ್ಡು ಮನೆಯಲ್ಲೇ ಮಾಡಿಸಿ. ಅವಳು ಮಾಡುವಾಗ ಖುಷಿಯಾಗಿದ್ದಾಳಾ ನೋಡಿ.

ವಾಶಿ ಮಾರ್ಕೆಟ್:

ಏಳು ವರ್ಷ ಅಂದರೆ ಸಿ.ಎ. ಎರಡು ಸಲ ಫೇಲಾಗಿ ಪಾಸಾಗಬಹುದು. ಇರಲಿ, ಆ ಬೈಂದೂರಿನ ಹುಡುಗನ ಕಥೆ ನನ್ನ ಹೆಂಡತಿಗೂ ಓದಿ ಹೇಳಿದೆ.

ಕ್ಯಾಶ್ ಕೌಂಟರ್, ಡೊಂಬಿವಲಿ:

ತಂಗೀ, ಇಷ್ಟು ಬರೆದದ್ದಕ್ಕೆ ದೊಡ್ಡ ಉಪಕಾರ. ಮಗಳಿಗೂ ತೋರಿಸಿದೆ. ಒಂದು ಸಣ್ಣ ಪ್ರಶ್ನೆ. ನನ್ನ ಭಾವ ಹೇಳುತ್ತಾನೆ, ಕಾಲೇಜು ಯಾಕೆ, ಮನೆಯಲ್ಲೇ ಕೂತು ಕರೆಸ್ಪಾಂಡೆನ್ಸಿನಲ್ಲಿ ಸೈಕಾಲಜಿ ಮಾಡಲಿ, ಹಗಲು ಕೌಂಟರ್ ನೋಡಿಕೊಳ್ಳಲಿ ಅಂತ. ಲೋಕಲ್ಲಿನ ಗರ್ದಿ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತುವುದೇ ಒಂದು ಯುದ್ಧ.

ಚೆಂಬೂರು ಮಾಳಿಗೆ:

ಆ ಬಾಗಿಲು ಮುಚ್ಚಿದೆ ಅಣ್ಣಾ. ಆರೋಗ್ಯ ವೃತ್ತಿಗಳ ಬಗ್ಗೆ 2021ರಲ್ಲಿ ಒಂದು ಕಾಯ್ದೆ ಬಂತು, ಸೈಕಾಲಜಿಯೂ ಅದರ ಕೆಳಗೆ ಬರುತ್ತದೆ. ಅದನ್ನು ಹಿಡಿದು ಯುಜಿಸಿ 2025ರಲ್ಲಿ, ಇನ್ನು ಮೇಲೆ ಸೈಕಾಲಜಿಯನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸಬಾರದು ಅಂತ ಹೇಳಿತು. ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದಲೇ. ಯಾರಾದರೂ ಈಗಲೂ ಸೀಟ್ ಇದೆ ಅಂದರೆ ಹತ್ತು ಸಲ ಯೋಚನೆ ಮಾಡಿ. ದುಡಿಯುತ್ತಾ ಓದುತ್ತಿದ್ದವರಿಗೆ ಇದರಿಂದ ಕಷ್ಟವಾಗಿದೆ, ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಆದರೆ ನಿಮ್ಮ ಮಗಳಿಗೆ ಕಾಲೇಜೇ ಆಗಬೇಕು. ಪ್ರಾಕ್ಟಿಕಲ್ ಫೋನಿನಲ್ಲಿ ಬರುವುದಿಲ್ಲ.

ದೊಡ್ಡ ಹೆಸರಿನ ಕಾಲೇಜಿಗೆ ಅಂತ ಚರ್ಚ್‌ಗೇಟ್ ತನಕ ಓಡಾಡಿಸಬೇಕಾಗಿಲ್ಲ. ಕಲ್ಯಾಣ್, ಠಾಣೆ, ಮುಲುಂಡ್ ಕಡೆಯಲ್ಲೇ ವಿಚಾರಿಸಿ. ಕೇಳಬೇಕಾದದ್ದು ಎರಡೇ. ಸೈಕಾಲಜಿ ಮೇಜರ್ ಆಗಿ, ಅಂದರೆ ಮುಖ್ಯ ವಿಷಯವಾಗಿ, ಕೊನೆಯ ವರ್ಷದ ತನಕ ಇದೆಯಾ, ಲ್ಯಾಬ್ ಇದೆಯಾ. ಕೆಲವು ಕಡೆ ಮೊದಲ ವರ್ಷ ಇರುತ್ತದೆ, ಆಮೇಲೆ ಸಾಕಷ್ಟು ಮಕ್ಕಳಿಲ್ಲ ಅಂತ ಬೇರೆ ವಿಷಯಕ್ಕೆ ತಳ್ಳುತ್ತಾರೆ.

ಮಾಟುಂಗಾದ ಅಜ್ಜ:

ಊರಿನ ಅಕ್ಕನಿಗೆ ಇದನ್ನು ಹೇಳಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರದ ವಿಭಾಗ ಇತ್ತು. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ನಮ್ಮದೇ. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್‌ನಲ್ಲಿ, ಬುದ್ಧಿ ಅಳೆಯುವ ವಿಷಯದಲ್ಲಿ ಹೆಸರಾದ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದವರೂ ಅವರೇ, ಆಕಾಶವಾಣಿ ಅನ್ನುವ ಹೆಸರು ಬಂದದ್ದು ಆ ಸ್ಟೇಷನ್ನಿನಿಂದ. ನಿಮ್ಮ ಅಕ್ಕ ಬೆಳಿಗ್ಗೆ ಎದ್ದು ಕೇಳುವ ಆ ಹೆಸರಿನ ಹಿಂದೆ ಇರುವುದು ಸೈಕಾಲಜಿ ಮೇಷ್ಟ್ರು. ಗಂಡು ಸಿಗುವ ವಿಷಯ ನನಗೆ ಗೊತ್ತಿಲ್ಲ.

ಕ್ಯಾಶ್ ಕೌಂಟರ್, ಡೊಂಬಿವಲಿ:

ಅಜ್ಜಾ, ಅಕ್ಕನಿಗೆ ಹೇಳಿದೆ. "ರೇಡಿಯೋದಲ್ಲಿ ಕೆಲಸ ಸಿಗ್ತದಾ ಹಾಗಾದರೆ?" ಅಂತ ಕೇಳಿದಳು. ಸ್ವಲ್ಪ ತಣ್ಣಗಾಗಿದ್ದಾಳೆ.

ಫಾರ್ಮ್ ನಿನ್ನೆ ತುಂಬಿದೆವು. ಮೂರು ಕಾಲೇಜು ಹಾಕಿದ್ದಾಳೆ, ಮೂರೂ ಸೆಂಟ್ರಲ್ ಲೈನಿನದ್ದೇ. ಜೊತೆಗೆ ಬಿ.ಕಾಂ. ಕೂಡ ಒಂದು ಕಡೆ ಹಾಕಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ತಂಗೀ, ನೀವು ಬರೆದ ಬರ್ಲಿನ್ ವೇಟರ್ ಕಥೆ ನನ್ನ ತಲೆಯಲ್ಲೇ ಕೂತುಬಿಟ್ಟಿತ್ತು. ಇವತ್ತು ಮಧ್ಯಾಹ್ನ ಐದನೇ ಟೇಬಲಿನವರು ದುಡ್ಡು ಕೊಟ್ಟು ಹೋದ ಮೇಲೆ ನಮ್ಮ ಹುಡುಗನನ್ನು ಕರೆದು, ಅವರು ಏನು ತಿಂದರು ಅಂತ ಕೇಳಿದೆ. ಎರಡು ರೈಸ್ ಪ್ಲೇಟ್, ಒಂದು ಉದ್ದಿನವಡೆ, ಮಜ್ಜಿಗೆ, ವಡೆಗೆ ಚಟ್ನಿ ಎರಡು ಸಲ ಕೇಳಿದರು ಅಂತ ಪೂರ್ತಿ ಹೇಳಿದ. ನಾನು ಮಗಳಿಗೆ, ನೋಡು, ನಿಮ್ಮ ಕಥೆ ಡೊಂಬಿವಲಿಯಲ್ಲಿ ನಡೆಯುವುದಿಲ್ಲ ಅಂದೆ.

"ಒಬ್ಬನನ್ನ ಕೇಳಿದರೆ ಆಗಲ್ಲ ಪಪ್ಪಾ, ಇಪ್ಪತ್ತು ಜನರಾದರೂ ಬೇಕು" ಅಂದಳು.

ನನ್ನ ಹತ್ತಿರ ಇರುವುದು ಆರು ಹುಡುಗರು. ಅದರಲ್ಲಿ ಒಬ್ಬ ಊರಿಗೆ ಹೋಗಿದ್ದಾನೆ.